ಹಾಯಿಕಂಬಕ್ಕೊಂದು ಆಸರೆ

ಫೆಬ್ರುವರಿ 9, 2025, ಭಾನುವಾರ
ಸುಂಟಿಕೊಪ್ಪ

ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ 24 ಅಡಿಯ ಹಾಯಿದೋಣಿ ನಿಂತಿರುವುದು ಊರಿಗೆಲ್ಲ ತಮಾಷೆ. ನೌಕಾಪಡೆಯಿಂದ ನಿವೃತ್ತರಾದ ಭಾವ ಈ ಹಳೆಯ ದೋಣಿಯನ್ನು ಕೊಚ್ಚಿಯಲ್ಲಿ ಅಗ್ಗಕ್ಕೆ ಕೊಂಡು, ಲಾರಿಯಲ್ಲಿ ಘಟ್ಟ ಹತ್ತಿಸಿದ್ದಾರೆ. "ಅಲ್ಲೇ ರಿಪೇರಿ ಮಾಡಿಸಬಹುದಿತ್ತಲ್ಲ ಭಾವ?" ಎಂದರೆ, "ಅಲ್ಲಿನ ಬಾಡಿಗೆ ನೀನು ಕಟ್ಟುತ್ತೀಯಾ?" ಎನ್ನುತ್ತಾರೆ.

ಇದರ ಅಲ್ಯೂಮಿನಿಯಂ ಹಾಯಿಕಂಬ ಡೆಕ್ಕಿನ, ಅಂದರೆ ದೋಣಿಯ ಮೇಲ್ಹಾಸಿನ, ಮೇಲೆಯೇ ನಿಲ್ಲುವಂಥದ್ದು. ಕಂಬದ ಸ್ವಂತ ತೂಕ ಏನೂ ಅಲ್ಲ. ಅದನ್ನು ಬಿಗಿದು ಹಿಡಿಯುವ ಉಕ್ಕಿನ ತಂತಿಗಳ ಎಳೆತವೆಲ್ಲ ಬುಡಕ್ಕೆ ಒತ್ತಡವಾಗಿ ಇಳಿಯುತ್ತದೆ. ಗಾಳಿ ಬೀಸಿದರೆ ಇನ್ನೂ ಹೆಚ್ಚು. ಆ ಭಾರವನ್ನು ಕ್ಯಾಬಿನ್ನಿನೊಳಗಿನ ಮರದ ಆಸರೆಗಂಬ ದೋಣಿಯ ತಳದ ಬೆನ್ನೆಲುಬಾದ ಕೀಲ್‌ಗೆ ದಾಟಿಸಬೇಕು. ಕೊಚ್ಚಿಯಲ್ಲೇ ಕ್ಯಾಬಿನ್ ಬಾಗಿಲು ಸಿಕ್ಕಿಕೊಳ್ಳುತ್ತಿತ್ತಂತೆ, ತಂತಿ ಎಷ್ಟು ಬಿಗಿದರೂ ಸಡಿಲವಾಗುತ್ತಿತ್ತಂತೆ. ಡೆಕ್ ಕುಸಿದಿದೆ ಎನ್ನಲು ಇನ್ನೇನು ಬೇಕು?

ಬೆಳಿಗ್ಗೆ ಸುತ್ತಿಗೆಯ ಹಿಡಿಯಿಂದ ಡೆಕ್ ತಟ್ಟುತ್ತಾ ಬಂದೆವು. ಗಟ್ಟಿ ಜಾಗದಲ್ಲಿ ಠಣ್, ಕಂಬದ ಬುಡದಲ್ಲಿ ದಬ್. ಫೈಬರ್ ಪದರ ಕೊಯ್ದು ತೆಗೆದರೆ ಒಳಗಿನ ಪ್ಲೈವುಡ್ ಚಹಾದಲ್ಲಿ ಅದ್ದಿದ ರಸ್ಕಿನಂತಾಗಿತ್ತು. ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ದೀಪದ ವೈರು ಹಾಯುವ ರಂಧ್ರದ ಸೀಲಂಟ್ ಬಿರಿದು, ನೀರು ಜಿನುಗುತ್ತಲೇ ಇದ್ದಿರಬೇಕು.

ರಂಧ್ರ ಕೊರೆದು ಎಪಾಕ್ಸಿ ಸುರಿದರೆ ಸಾಕೆಂಬುದು ಭಾವನವರ ವಾದ. ಕೊಳೆತ ಮರಕ್ಕೆ ಅಂಟು ಕುಡಿಸಿ ಏನು ಪ್ರಯೋಜನ? ಸಮುದ್ರವನ್ನೇ ನೋಡಿರದ ನಮ್ಮ ಆಚಾರಿ ಟಾರ್ಚ್ ಹಿಡಿದು ಒಳಗೆ ನುಸುಳಿದವರು, ಮೇಲೆ ನೋಡದೆ ಆಸರೆಗಂಬದ ಬುಡ ಕೆರೆದರು. ಅದೂ ಕಪ್ಪಾಗಿತ್ತು. ತಳದಲ್ಲಿ ನಿಲ್ಲುವ ನೀರಿನಲ್ಲೇ ನೆನೆಯುತ್ತಿತ್ತು. "ಮನೆಯ ಕಂಬದ ಕೆಳಗೆ ಕಲ್ಲು ಯಾಕೆ ಇಡುತ್ತೇವೆ ಸಾರ್? ತೇವ ಏರಬಾರದೆಂದು ತಾನೇ?"

ಭಾವ ಮರುಮಾತಾಡಲಿಲ್ಲ. ಅಟ್ಟದಲ್ಲಿ ಒಣಗಿ ಕುಳಿತಿದ್ದ ಹೆಬ್ಬಲಸಿನ ತುಂಡು ಇಳಿಯಿತು. ಕೇರಳದ ದೋಣಿ ಕಟ್ಟುವವರೂ ನೆಚ್ಚಿಕೊಂಡ ಮರ ಅದು. (ಹಾಯಿಹಡಗುಗಳ ಕಾಲದಲ್ಲಿ ನಮ್ಮ ಘಟ್ಟದ ನೆಟ್ಟನೆಯ ಪೂನ್ ಮರಗಳು ಹಡಗಿನ ಕಂಬಗಳಾಗಿ ಹೋಗುತ್ತಿದ್ದವು, ಈಗ ದೋಣಿಯೇ ಇಲ್ಲಿಗೆ ಬಂದಿದೆ.) ಮರದ ಎಳೆ ನೆಟ್ಟಗೆ ನಿಲ್ಲುವಂತೆ ಕಂಬ ಕತ್ತರಿಸಿ, ನೀರು ಹೀರುವ ಎರಡೂ ತುದಿಗಳಿಗೆ ಎಪಾಕ್ಸಿ ಬಳಿದೆವು. ಬುಡಕ್ಕೆ ನೀರಿನ ಮಟ್ಟಕ್ಕಿಂತ ಎತ್ತರದ ಫೈಬರ್ ಪೀಠ.

ಮಧ್ಯಾಹ್ನ ಪಿಕಪ್‌ನ ಜ್ಯಾಕ್ ಇಟ್ಟು, ಮೇಲೊಂದು ಹಲಗೆ ಕೊಟ್ಟು, ಒಂದೊಂದೇ ಸುತ್ತು ತಿರುಗಿಸುತ್ತಾ ಡೆಕ್ ಎತ್ತಿದೆವು. ಕ್ಯಾಬಿನ್ ಬಾಗಿಲು ತಾನಾಗಿ ತೆರೆದುಕೊಂಡಾಗ ನಿಲ್ಲಿಸಿದೆವು.

ರಾತ್ರಿಯ ಚಳಿಗೆ ಎಪಾಕ್ಸಿ ಬೇಗ ಗಟ್ಟಿಯಾಗುವುದಿಲ್ಲ, ಅಲ್ಲಿಯವರೆಗೆ ಜ್ಯಾಕ್ ತೆಗೆಯುವಂತಿಲ್ಲ. ನಾಳೆ ಕಾಫಿ ಮೂಟೆ ಸಾಗಿಸುವಾಗ ಪಿಕಪ್ ಪಂಕ್ಚರ್ ಆದರೆ ಭಾವನವರೇ ಹೊಣೆ.