ಹಾರ್ಡಿ ಅಂದ್ರೆ ಬರೀ ವಿಧಿ ಅಲ್ಲ ಕಣ್ರೀ

ಇಂಗ್ಲಿಷ್ ಕಾದಂಬರಿಕಾರ ಥಾಮಸ್ ಹಾರ್ಡಿ ಹೆಸರು ಎತ್ತಿದ್ರೆ ಸಾಕು, ಇಂಗ್ಲಿಷ್ ಎಂಎ ಮಾಡಿರೋರು "ವಿಧಿ, ನಿರಾಶಾವಾದ" ಅಂತ ನೋಟ್ಸ್ ಒಪ್ಪಿಸ್ಬಿಡ್ತಾರೆ. ಸುಳ್ಳು ಅಂತಲ್ಲ. ಆದ್ರೆ ಅವ್ನ 1891ರ 'ಟೆಸ್' ಕಾದಂಬರಿನ ಇನ್ನೊಂದ್ಸಲ ಓದಿ, ಟೆಸ್ ಅನ್ನೋ ಆ ಬಡ ಹಳ್ಳಿ ಹುಡುಗಿ ಕಷ್ಟಕ್ಕೆ ಸಿಕ್ಕಾಗೆಲ್ಲ ಹಿಂದೆ ಯಾವ್ದೋ ದುಡ್ಡಿನ ತಾಪತ್ರಯ ಇರತ್ತೆ.

ಶುರುವಾಗೋದೇ ಕುದುರೆಯಿಂದ. ಅಪ್ಪ ಕುಡಿದು ಮಲಗಿದಾನೆ, ಜೇನುಗೂಡುಗಳ್ನ ಬೆಳಗಾಗೋದ್ರೊಳಗೆ ಕ್ಯಾಸ್ಟರ್‌ಬ್ರಿಜ್ ಮಾರ್ಕೆಟ್‌ಗೆ ಮುಟ್ಟಿಸ್ಬೇಕು, ಅದಕ್ಕೆ ಟೆಸ್ ಪುಟ್ಟ ತಮ್ಮನ್ನ ಕೂರಿಸ್ಕೊಂಡು ರಾತ್ರೋರಾತ್ರಿ ಗಾಡಿ ಹೊಡ್ಕೊಂಡು ಹೊರಡ್ತಾಳೆ, ದಾರೀಲಿ ನಿದ್ದೆ ಹತ್ತಿಬಿಡತ್ತೆ, ಎದುರಿಂದ ಬಂದ ಟಪಾಲು ಗಾಡಿ ಮೂಕಿ ಕುದುರೆ ಎದೆಗೆ ನಾಟಿ ಅದು ಅಲ್ಲೇ ಸಾಯತ್ತೆ. ಕುದುರೆ ಹೋಯ್ತು ಅಂದ್ರೆ ಅಪ್ಪನ ವ್ಯಾಪಾರಾನೂ ಹೋಯ್ತು. ಆ ಕೊರಗಲ್ಲೇ ಅವ್ಳು ಶ್ರೀಮಂತ 'ನೆಂಟ' ಅಲೆಕ್ ಇರೋ ಮನೆಗೆ ಹೋಗೋದು, ಅವ್ನ ಕೈಗೆ ಸಿಕ್ಕಿ ಹಾಳಾಗೋದು.

ಆಮೇಲೆ ಮದುವೆಯಾದ ಗಂಡ ಏಂಜಲ್ ಆ ಹಳೇ ಕಥೆ ಕೇಳಿ ಬಿಟ್ಟು ಹೋಗೋದು ಮಾತ್ರ ದುಡ್ಡಿಗಲ್ಲ, ಒಪ್ತೀನಿ, ಆ ಮಹಾನುಭಾವನ ಮಡಿವಂತಿಕೆಗೆ ನಂಗೆ ಇವತ್ತಿಗೂ ಸಿಟ್ಟು ಬರತ್ತೆ. ಆದ್ರೆ ಆಮೇಲೆ? ಅವ್ನು ಬಿಟ್ಟು ಹೋದ ದುಡ್ಡಲ್ಲಿ ತವರಿನ ಹುಲ್ಲಿನ ಛಾವಣಿ ರಿಪೇರಿಗೆ ಕಳ್ಸಿ ಕೈ ಖಾಲಿ ಮಾಡ್ಕೊಂಡು, ಫ್ಲಿಂಟ್‌ಕೂಂಬ್-ಆಶ್‌ನ ಕಲ್ಲು ಹೊಲದಲ್ಲಿ ಮಳೆಲಿ ನೆನೀತಾ ಗಡ್ಡೆ ಕೀಳೋ ಕೂಲಿಗೆ ನಿಲ್ತಾಳೆ. ಒಕ್ಕಣೆ ದಿನ ಬಂದ್ರೆ ಉಗಿ ಮಷಿನ್ ಜೊತೆ ಅವ್ಳು ಓಡ್ಬೇಕು, ಅದಕ್ಕೆ ಸುಸ್ತಿಲ್ವಲ್ಲ. ಇದೇ ಟೆಸ್ ಮದುವೆಗೆ ಮುಂಚೆ ಟ್ಯಾಲ್ಬೋತೇಸ್ ಅನ್ನೋ ಡೈರಿಲಿ ಹಾಲು ಕರೀತಾ ಖುಷಿಯಾಗಿದ್ಳು. ಅಲ್ಲಿಂದ ರೈಲಿಗೆ ಹಾಕಿದ ಹಾಲನ್ನ ನಾಳೆ ಬೆಳಗ್ಗೆ ಲಂಡನ್ನಿನ ಯಾರ್ಯಾರೋ ಕುಡೀತಾರಲ್ಲ ಅಂತ ಅವ್ಳಿಗೆ ಅನ್ಸೋ ಒಂದು ಜಾಗ ಇದೆ, ನನಗಂತೂ ಇಡೀ ಪುಸ್ತಕದಲ್ಲಿ ಅದೇ ಇಷ್ಟ.

ಕೊನೇ ಏಟು ಮನೆದು. ಅಪ್ಪ ಸಾಯ್ತಾನೆ, ಮನೆ ಗುತ್ತಿಗೆ ಮೂರು ಜನರ ಆಯಸ್ಸಿಗೆ ಅಂತ ಬರ್ದಿದ್ದು, ಮೂವರೂ ಸತ್ರೆ ಗುತ್ತಿಗೆ ಮುಗೀತು, ಮೂರನೇ ಆಯಸ್ಸು ಅವನದೇ! ಏಪ್ರಿಲ್ 6ಕ್ಕೆ, ಅಂದ್ರೆ ಹಳೇ ಲೇಡಿ ಡೇಗೆ, ಕೂಲಿಯವ್ರೆಲ್ಲ ಸಾಮಾನು ಹೇರ್ಕೊಂಡು ಊರು ಬದಲಾಯ್ಸೋ ದಿನ ಇವ್ರೂ ಗಾಡಿ ಹತ್ತುತ್ತಾರೆ, ಹೋದ ಊರಲ್ಲಿ ಗೊತ್ತು ಮಾಡಿದ್ದ ಮನೆ ಬೇರೆಯವ್ರ ಪಾಲಾಗಿರತ್ತೆ. ಮಂಚ ಪಾತ್ರೆ ಎಲ್ಲ ಚರ್ಚ್ ಗೋಡೆ ಪಕ್ಕ. ಅಲೆಕ್ ಮತ್ತೆ ಹಿಡಿಯೋದು ಇದನ್ನೇ, ಅಮ್ಮ ಮಕ್ಕಳಿಗೆ ನೆಲೆ ಕೊಡ್ತೀನಿ ಅಂತ. ಇದನ್ನ ವಿಧಿ ಅಂದ್ಬಿಟ್ರೆ ಜಮೀನ್ದಾರ್ರು ಆರಾಮಾಗಿ ಬಚಾವ್.

ಹಾರ್ಡಿಗೆ ಇದೆಲ್ಲ ಕೇಳಿದ ಕಥೆ ಅಲ್ಲ, ಡಾರ್ಸೆಟ್‌ನ ಹಳ್ಳೀಲಿ 1840ರಲ್ಲಿ ಕಲ್ಲು ಕೆಲಸದವ್ರ ಮನೇಲಿ ಹುಟ್ಟಿದವ್ನು. 1883ರಲ್ಲೇ ಡಾರ್ಸೆಟ್ ಕೂಲಿಕಾರರ ಮೇಲೊಂದು ಲೇಖನ ಬರ್ದು, ಹಳ್ಳಿಯವ್ರನ್ನೆಲ್ಲ ಒಂದೇ ಥರದ ಪೆದ್ದರು ಅಂದ್ಕೊಂಡಿದ್ದ ಪೇಟೆಯವ್ರಿಗೆ ಜಾಡಿಸಿದ್ದ. ಪೇಟೆ ಪತ್ರಿಕೆಗಳ ಚಿಂತೆನೇ ಬೇರೆ ಬಿಡಿ: ನೀರು ನಿಂತ ದಾರೀಲಿ ಏಂಜಲ್ ಹುಡುಗೀರ್ನ ಎತ್ಕೊಂಡು ದಾಟಿಸೋದು ಅಸಭ್ಯ ಅಂತ, 'ಟೆಸ್' ಮೊದಲು ಬಂದ 'ಗ್ರಾಫಿಕ್' ಪತ್ರಿಕೆ ಧಾರಾವಾಹಿಲಿ ಒಂದು ತಳ್ಳುಗಾಡಿ ತರಿಸಿ ಅದ್ರಲ್ಲಿ ದಾಟಿಸಿದ್ರು!

ಹೊಸದಾಗಿ ಓದೋರು ಹಾರ್ಡಿಯ ಇನ್ನೊಂದು ಕಾದಂಬರಿ 'ಜೂಡ್' ಇಂದ ಶುರು ಮಾಡ್ಬೇಡಿ, ಎದೆ ಒಡ್ದು ಹೋಗತ್ತೆ. 'ಟೆಸ್' ತಗೊಳ್ಳಿ, ಗುತ್ತಿಗೆ, ಕೂಲಿ ವಿಷ್ಯ ಬಂದಾಗ ಮಾತ್ರ ಪುಟ ಹಾರಿಸ್ಬೇಡಿ.