ಅವ್ವನ ಆಧಾರ್, ಬೊಂಬಾಯಿಯ ಬಸ್ಸು

ಅವ್ವ ಊರಿಂದ ಬಂದದ್ದು ಕಣ್ಣು ತೋರಿಸಲಿಕ್ಕೆ. ವಿಜಯಪುರ ಜಿಲ್ಲೆಯ ಇಂಡಿಯ ಡಾಕ್ಟರರು ಪೊರೆ ಬಂದಿದೆ ಅಂದಿದ್ದರು. ದಾದರಿನ ಡಾಕ್ಟರರಿಗೂ ಒಮ್ಮೆ ತೋರಿಸೋಣ ಎಂದು ನಾನೇ ಮುಂಬಯಿಗೆ ಕರೆಸಿಕೊಂಡಿದ್ದೆ. 2025ರ ಜುಲೈ, ಬಿಟ್ಟೂ ಬಿಡದ ಮಳೆ. ಸಯಾನ್‌ನಲ್ಲಿ ಬಸ್ ಹತ್ತಿ, ಅವ್ವನಿಗೆ ಹೆಂಗಸರ ಸೀಟು ಹಿಡಿದುಕೊಟ್ಟು ಪರ್ಸ್ ತೆಗೆಯುವಷ್ಟರಲ್ಲಿ ಕಂಡಕ್ಟರ್ ಬಂದ. ಅವ್ವ ನನಗಿಂತ ಮೊದಲೇ ಸೊಂಟದ ಚೀಲದ ದಾರ ಸಡಿಲಿಸಿ ಆಧಾರ್ ಕಾರ್ಡು ತೆಗೆದು ಅವನ ಮುಂದೆ ಹಿಡಿದಳು. ಪ್ಲಾಸ್ಟಿಕ್ ಹೊದಿಕೆಯ ಕಾರ್ಡು, ಅಂಚಿಗೆಲ್ಲ ಸುಣ್ಣದ ಕಲೆ.

ಕಂಡಕ್ಟರ್ ಒಳ್ಳೆಯವನು. "ಆಜೀ, ಇಕಡೆ ನಾಹೀ ಚಾಲತ್" ಎಂದ, ಮೆಲ್ಲಗೆ. ಅಜ್ಜೀ, ಇಲ್ಲಿ ಇದು ನಡೆಯುವುದಿಲ್ಲ ಅಂತ. ಎಸಿ ಬಸ್ಸು, ಇಬ್ಬರಿಗೆ 24 ರೂಪಾಯಿ. ನಾನು ಕೊಟ್ಟೆ. ಕಾರ್ಡನ್ನು ಮತ್ತೆ ಚೀಲಕ್ಕೆ ಸೇರಿಸುತ್ತ ಅವ್ವ ಕಿಟಕಿಯ ಕಡೆ ಮುಖ ಮಾಡಿದಳು. "ಯಾಕ, ಇಲ್ಲೂ ಹೆಣ್ಮಕ್ಕಳ ಅದೀವಲ್ಲ" ಎಂದಳು.

ಆ ಕಾರ್ಡು ಅವಳ ಪಾಲಿಗೆ ಏನೆಂದು ನನಗೆ ಗೊತ್ತು. 2023ರ ಜೂನ್ 11ಕ್ಕೆ ಕರ್ನಾಟಕದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾಯಿತು. ಅದಕ್ಕೂ ಮೊದಲು ಅವ್ವ ಅಥಣಿಯಲ್ಲಿರುವ ತನ್ನ ತಂಗಿಯನ್ನು ನೋಡಬೇಕೆಂದರೆ ಅಣ್ಣನ ಮುಖ ನೋಡಬೇಕಿತ್ತು. ಅಣ್ಣ ಇಲ್ಲ ಅನ್ನುವವನಲ್ಲ, ಆದರೆ ಕೇಳುವುದೇ ಒಂದು ಭಾರ. ಈಗ ಬುತ್ತಿ ಕಟ್ಟಿಕೊಂಡು ಹೊರಟೇಬಿಡುತ್ತಾಳೆ. ಸವದತ್ತಿ ಯಲ್ಲಮ್ಮನಿಗೆ ಮೂರು ಸಲ ಹೋಗಿ ಬಂದಿದ್ದಾಳೆ. ಅರವತ್ತೆಂಟನೆಯ ವಯಸ್ಸಿನಲ್ಲಿ ಯಾರನ್ನೂ ಕೇಳದೆ ಮನೆಯಿಂದ ಹೊರಬಿದ್ದದ್ದು ಅವಳ ಬಾಳಿನಲ್ಲಿ ಅದೇ ಮೊದಲು. ಪುಕ್ಕಟೆ ಕೊಟ್ಟು ಜನರನ್ನು ಕೆಡಿಸಿದರು ಎಂದು ಯಾರಾದರೂ ಅಂದರೆ ನನಗೆ ಅವ್ವನ ಬುತ್ತಿಗಂಟು ನೆನಪಾಗುತ್ತದೆ, ಸಿಟ್ಟೂ ಬರುತ್ತದೆ.

ಡಾಕ್ಟರರು ಡ್ರಾಪ್ಸ್ ಬರೆದುಕೊಟ್ಟು ಎಂಟು ದಿನ ಬಿಟ್ಟು ಬನ್ನಿ ಎಂದರು. ಮರಳುವಾಗ ದಾದರ್ ಸ್ಟಾಪಿನಲ್ಲಿ ನಿಂತೆವು. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಒಂದೇ ಕೊಡೆ, ಅದರ ಅಡಿಯಲ್ಲಿ ಅವ್ವ, ಮುಕ್ಕಾಲು ಭಾಗ ಹೊರಗೆ ನಾನು. ಎದುರಿಗೆ ಕಾರುಗಳ ಸಾಲು. ಒಂದೊಂದರಲ್ಲಿ ಒಬ್ಬೊಬ್ಬರು.

ಆ ಸಾಲು ನೋಡುವಾಗ ಥಾಣೆಯಲ್ಲಿರುವ ನನ್ನ ಮೈದುನ ನೆನಪಾದ. ಮುಂಬಯಿಯೊಳಗೆ ಬರುವ ದಾರಿಯ ಮುಲುಂಡ್ ನಾಕಾದಲ್ಲಿ ಅವನ ಕಾರಿಗೆ 45 ರೂಪಾಯಿ ಟೋಲ್ ಇತ್ತು. 2024ರ ಅಕ್ಟೋಬರಿನಲ್ಲಿ ಮುಂಬಯಿಯ ಐದೂ ನಾಕಾಗಳಲ್ಲಿ ಕಾರಿನ ಟೋಲ್ ತೆಗೆದುಹಾಕಿದರು. ನೀನು ಬಡವನೋ ಸಾಹುಕಾರನೋ, ಯಾವ ರಾಜ್ಯದವನು, ಕಾರ್ಡು ತೋರಿಸು ಎಂದು ಅವನನ್ನು ಯಾರೂ ಕೇಳಲಿಲ್ಲ. ಅದಾಗಿ ಏಳು ತಿಂಗಳಿಗೆ, 2025ರ ಮೇ 9ರಿಂದ, ಮುಂಬಯಿಯ ನಗರ ಸಾರಿಗೆಯಾದ ಬೆಸ್ಟ್ ಬಸ್ಸಿನ ಕನಿಷ್ಠ ದರ 5ರಿಂದ 10 ಆಯಿತು, ಎಸಿಗೆ 6ರಿಂದ 12. ಒಂದೇ ಊರು, ಒಂದೇ ರಸ್ತೆ. ಕಾರಿಗೆ ಮಾಫಿ, ಬಸ್ಸಿಗೆ ದುಪ್ಪಟ್ಟು. ಇದನ್ನು ನಾನು ಎಷ್ಟು ಸಲ ಯೋಚಿಸಿದರೂ ನ್ಯಾಯ ಎಂದು ಒಪ್ಪಿಕೊಳ್ಳಲು ಆಗಿಲ್ಲ.

ಬಸ್ಸು ಬಂತು, ತುಂಬಿ ತುಳುಕುತ್ತಿತ್ತು. ನಾವು ಮಾತಾಡುವುದು ಕೇಳಿ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು "ಯಾವೂರು ಯವ್ವಾ ನಿಮ್ಮದು?" ಎಂದಳು. ಯಾದಗಿರಿ ಕಡೆಯವಳು. ಇರುವುದು ಧಾರಾವಿ, ಕೆಲಸ ಹಿಂದೂ ಕಾಲನಿಯಲ್ಲಿ ಮೂರು ಮನೆ. ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಹಸಿರು ಬಳೆಗಳ ನಡುವೆ ಸಿಕ್ಕಿಸಿಕೊಂಡಿದ್ದಳು. ಒದ್ದೆ ಕೈಗೆ ಅಂಟಿ ಅದರ ಅಕ್ಷರ ಆಗಲೇ ಅಳಿಸುತ್ತಿತ್ತು.

"ಮುಂಜಾನಿ ನಡಕೋಂತ ಬರ್ತೀನ್ರಿ. ಮೊದಲ ಎರಡೂ ಹೊತ್ತು ಬಸ್ಸಿಗೆ ಬರ್ತಿದ್ದೆ. ಈಗ ಸಂಜೀಕಷ್ಟ. ಮೊಳಕಾಲು ಕೇಳಂಗಿಲ್ಲ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 26 ದಿನ, ಎರಡು ಹೊತ್ತು, 12ರಂತೆ 624 ರೂಪಾಯಿ. ಮೇ ತಿಂಗಳಿಗೆ ಮುಂಚೆ ಅದು 312. ಪಾಸ್ ತೆಗೆಸಬಾರದೇ ಎಂದೆ. "ಒಮ್ಮಿಗೇ ಅಷ್ಟು ರೊಕ್ಕ ಕೈಯಾಗ ಎಲ್ಲಿ ನಿಂದರ್ತದ್ರಿ?" ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಅವ್ವ ಆಧಾರಿನ ಮಾತು ತೆಗೆದಳು. ಊರಿಗೆ ಹೋದಾಗಾದರೂ ನಿನಗೆ ಪುಕ್ಕಟೆ ಇರಬೇಕಲ್ಲ ಎಂದಳು. ಅದೂ ಇಲ್ಲವಂತೆ. ಮಕ್ಕಳ ಸಾಲೆಗೆ, ರೇಶನ್ನಿಗೆ ಬೇಕೆಂದು ಆಧಾರಿನ ವಿಳಾಸ ಧಾರಾವಿಗೆ ಬದಲಿಸಿದ್ದಾಳೆ. ಶಕ್ತಿ ಕರ್ನಾಟಕದಲ್ಲಿ ವಾಸ ಇರುವವರಿಗೆ. ಹೋದ ಜಾತ್ರೆಗೆ ಹೋದಾಗ ಬಸ್ಸಿನಲ್ಲಿ ಎಲ್ಲ ಹೆಂಗಸರೂ ಸೊನ್ನೆ ಟಿಕೆಟ್ ಹಿಡಿದು ಕೂತಿದ್ದರಂತೆ. ಇವಳೊಬ್ಬಳೇ ರೊಕ್ಕ ಕೊಟ್ಟವಳು. "ಅಲ್ಲಿ ಬೊಂಬಾಯಿ ಅಕಿ ಅಂತಾರ, ಇಲ್ಲಿ ಕರ್ನಾಟಕದಕಿ ಅಂತಾರ" ಎಂದಳು.

ಮಹಾರಾಷ್ಟ್ರದಲ್ಲಿ ಊರಿಂದೂರಿಗೆ ಓಡುವ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೆಟ್ ಇದೆ. ಆದರೆ ಇವಳು ದಿನಾ ಏರುವುದು ಎಸ್‌ಟಿಯಲ್ಲ, ಬೆಸ್ಟ್. ಇಷ್ಟು ಯೋಜನೆಗಳ ನಡುವೆ ಮುಂಜಾನೆ ಐದೂವರೆಗೆ ಮಳೆಯಲ್ಲಿ ನಡೆದು ಹೋಗುವವಳು ಒಂದಕ್ಕೂ ಸಿಗದೆ ಜಾರಿಹೋಗಿದ್ದಾಳೆ. ಯಾರಿಗೆ ಕೊಡಬೇಕು ಎಂದು ಗೆರೆ ಎಳೆದಾಗಲೆಲ್ಲ ದುಡಿಯಲು ಊರು ಬಿಟ್ಟವರು ಗೆರೆಯ ಆಚೆ ಬೀಳುತ್ತಾರೆ. ಅದಕ್ಕೇ, ಊರೊಳಗಿನ ಬಸ್ಸು ಎಲ್ಲರಿಗೂ ಉಚಿತವಾಗಲಿ ಎನ್ನುತ್ತೇನೆ. ನನಗೂ ಆಗಲಿ, ನನ್ನ ಮೈದುನನಿಗೂ ಆಗಲಿ. ಕಾರು ಬಿಟ್ಟು ಬಂದರೆ ರಸ್ತೆಯಾದರೂ ಖಾಲಿಯಾದೀತು.

ಲಕ್ಸೆಂಬರ್ಗ್ 2020ರಿಂದ ಹೀಗೆ ಮಾಡಿದೆ. ಪುಟ್ಟ, ಶ್ರೀಮಂತ ದೇಶ. ನಮ್ಮ ಕುರ್ಲಾ ವಾರ್ಡಿನಷ್ಟೂ ಜನ ಅಲ್ಲಿಲ್ಲ, ನಿಜ. ಲೋಕಲ್ ಟ್ರೇನಿನ ಬಗ್ಗೆ ಇದೇ ಮಾತನ್ನು ನಾನು ಈಗಲೇ ಹೇಳಲಾರೆ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತದ್ದು ಇನ್ನೂ ಕಣ್ಣಮುಂದಿದೆ. ಅಲ್ಲಿ ಮೊದಲು ಬೇಕಾದದ್ದು ಡಬ್ಬಿ. ಬಸ್ಸೂ ಅಷ್ಟೇ, ನಲವತ್ತು ನಿಮಿಷಕ್ಕೊಂದು ಬಂದರೆ ಪುಕ್ಕಟೆಯಾದರೂ ಅವಳ ಮೊಳಕಾಲಿಗೆ ಏನು ಉಪಯೋಗ? ಬಸ್ಸು ಹೆಚ್ಚಬೇಕು, ಅದಕ್ಕೆ ದುಡ್ಡು ಬೇಕು. ಆ ದುಡ್ಡು ಬಳೆ ಸಂದಿಯ ಟಿಕೆಟಿನಿಂದಲೇ ಬರಬೇಕೆಂದು ಯಾಕೆ ಹಟ?

ಸಯಾನ್‌ನಲ್ಲಿ ಮೂವರೂ ಇಳಿದೆವು. ಅವಳು ಸೆರಗು ತಲೆಗೆ ಹೊದ್ದು ಧಾರಾವಿ ಕಡೆ ನಡೆದಳು. ಎಡಗಾಲ ಚಪ್ಪಲಿಯ ಹಿಮ್ಮಡಿ ಒಂದೇ ಬದಿಗೆ ಸವೆದಿತ್ತು. ಅವಳು ಮರೆಯಾಗುವ ತನಕ ಅವ್ವ ನಿಂತು ನೋಡಿದಳು.

ಎಂಟು ದಿನದ ಮೇಲೆ ಮತ್ತೆ ದಾದರಿಗೆ ಹೊರಟೆವು. ಕಂಡಕ್ಟರ್ ಬರುತ್ತಿದ್ದಂತೆ ಅವ್ವ ನನ್ನ ಕೈ ತಡೆದಳು. ಚೀಲ ಬಿಚ್ಚಿ, ಆಧಾರನ್ನು ಪಕ್ಕಕ್ಕೆ ಸರಿಸಿ, ಮನೆಯಲ್ಲೇ ಎಣಿಸಿಟ್ಟುಕೊಂಡಿದ್ದ 24 ರೂಪಾಯಿ ಚಿಲ್ಲರೆಯನ್ನು ಅವನ ಅಂಗೈಗೆ ಹಾಕಿದಳು.