ಅಪ್ಪನ ಭಾನುವಾರದ ಪಾಠಕ್ಕೆ ಮೈಕ್ ಸರಿಮಾಡಿದ್ದು

ಮೊದಲ ಭಾನುವಾರ

ಅಪ್ಪ ಮೂವತ್ತು ವರ್ಷ ಕನ್ನಡ ಮಾಸ್ತರಾಗಿದ್ದವರು. ಈಗ ಭಾನುವಾರ ಸಂಜೆ ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ದುಬೈ, ಲಂಡನ್‌ನಲ್ಲಿರುವ ಬಳಗದ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಕಲಿಸುತ್ತಾರೆ. ಇವತ್ತು ಅರ್ಧ ಗಂಟೆ "ಅಜ್ಜಾ, ಕೇಳಿಸ್ತಿಲ್ಲ" ಅನ್ನುವುದರಲ್ಲೇ ಹೋಯಿತು. ಅಪ್ಪ ಮೈಕನ್ನು ಬಾಯಿಗೆ ಒತ್ತಿ ಹಿಡಿದು ಕೂಗಿದರು. ಆಮೇಲೆ ಸುಮ್ಮನಾದರು. "ಇದು ನಮ್ಮಂಥಾರ ಕೆಲಸ ಅಲ್ಲ ಬಿಡವ್ವ" ಅಂದರು. ಆ ಮಾತು ಕೇಳಿ ಬಹಳ ಬೇಜಾರಾಯಿತು. ಇದನ್ನು ಸರಿಮಾಡಿಯೇ ತೀರಬೇಕು.

ಸೋಮವಾರ

ಮೊದಲು ಪಿನ್ ನೋಡಿದೆ. ಅಪ್ಪ ಬಳಸುತ್ತಿದ್ದದ್ದು ಮೊಬೈಲಿನ ಇಯರ್‌ಫೋನ್. ಅದರ ಪಿನ್ ಮೇಲೆ ಮೂರು ಕಪ್ಪು ಗೆರೆಗಳಿವೆ. ಅಂದರೆ ನಾಲ್ಕು ಭಾಗ: ಎಡ ಕಿವಿ, ಬಲ ಕಿವಿ, ಅರ್ಥ್, ಮೈಕ್. ನಮ್ಮ ಹಳೆಯ ಡೆಸ್ಕ್‌ಟಾಪಿನಲ್ಲಿ ಹಸಿರು ತೂತು ಕೇಳಲು, ಗುಲಾಬಿ ತೂತು ಮೈಕಿಗೆ. ಒಂದೇ ಪಿನ್ ಎರಡೂ ಕಡೆ ಹೋಗುವುದು ಹೇಗೆ? ಹಸಿರಿಗೆ ಹಾಕಿದರೆ ಕೇಳುತ್ತದೆ, ಮಾತು ಹೋಗುವುದಿಲ್ಲ. ತೊಂದರೆಯ ಅರ್ಧ ಇಲ್ಲೇ ಇತ್ತು.

ಗಾಂಧಿ ಚೌಕದ ಕಡೆ ಹೋಗಿ ಸ್ಪ್ಲಿಟರ್ ಅನ್ನುವ ಕವಲು ತಂತಿ ತಂದೆ. ಮನೆಗೆ ಬಂದು ನೋಡಿದರೆ ಅದು ಇಬ್ಬರು ಒಟ್ಟಿಗೆ ಹಾಡು ಕೇಳುವ ತರದ್ದು, ಒಂದು ಪಿನ್, ಎರಡು ತೂತು. ನಮಗೆ ಬೇಕಾದದ್ದು ತಿರುಗಾಮುರುಗಾ: ಒಂದು ತೂತು, ಎರಡು ಪಿನ್. ಮರುದಿನ ಬದಲಾಯಿಸಿಕೊಂಡು ಬಂದೆ. ನೀವು ತರುವಾಗ ಪಿನ್ ಎಣಿಸಿ ತನ್ನಿ.

ಮಂಗಳವಾರ ರಾತ್ರಿ

ಪಿನ್ ಸರಿಯಾಯಿತು, ಆದರೂ ಮೀಟಿಂಗಿನಲ್ಲಿ ದನಿಯ ಏರಿಳಿತ ತೋರಿಸುವ ಮೈಕಿನ ಪಟ್ಟಿ ಅಲುಗಾಡಲಿಲ್ಲ. ಇಂಥ ಹೊತ್ತಿನಲ್ಲಿ ಮೀಟಿಂಗ್ ಆ್ಯಪನ್ನು ಬದಿಗಿಡಬೇಕು. ಕಂಪ್ಯೂಟರಿನಲ್ಲೇ ಇರುವ ಸೌಂಡ್ ರೆಕಾರ್ಡರ್ ತೆಗೆದು ಹತ್ತು ಸೆಕೆಂಡ್ ಮಾತಾಡಿ ಕೇಳಬೇಕು. ಅಲ್ಲಿ ದನಿ ಬಂದರೆ ತಪ್ಪು ಆ್ಯಪಿನದು, ಇಲ್ಲವೇ ಅದಕ್ಕೆ ಮೈಕ್ ಬಳಸಲು ಕೊಟ್ಟ ಅನುಮತಿಯದು. ಬರದಿದ್ದರೆ ಅದಕ್ಕೂ ಹಿಂದಿನದು.

ದನಿ ಬಂತು! ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಮೈಕ್ರೋಫೋನ್ ಅಂತ ಒಂದು ಪುಟ ಇದೆ. ಅದರ ಕೆಳಗಿನ ತುದಿಯಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮೈಕ್ ಬಳಸಲು ಬಿಡುವ ಬೇರೆಯದೇ ಒಂದು ಸ್ವಿಚ್. ಅದು ಆಫ್ ಇತ್ತು. ಆನ್ ಮಾಡಿದೆ. ಅಷ್ಟಾದರೂ ಮೀಟಿಂಗ್ ಆ್ಯಪ್ ವೆಬ್‌ಕ್ಯಾಮಿನ ಮೈಕನ್ನೇ ಹಿಡಿದು ಕೂತಿತ್ತು. ಅದರ ಆಡಿಯೋ ಸೆಟ್ಟಿಂಗಿನಲ್ಲಿ ನಮ್ಮ ಮೈಕನ್ನು ಆರಿಸಿದ ಮೇಲೆ ಪಟ್ಟಿ ಹಸಿರಾಗಿ ಕುಣಿಯಿತು. ಅಪ್ಪ ಎದ್ದು ಬಂದು ನೋಡಿದರು. "ಹಲೋ" ಅಂದರು. ಪಟ್ಟಿ ಏರಿತು. ಮತ್ತೆ "ಹಲೋ" ಅಂದರು.

ಗುರುವಾರ

ದನಿ ಸಣ್ಣದು ಅಂತ ಮೈಕ್ ಬೂಸ್ಟನ್ನು 30 ಡೆಸಿಬೆಲ್‌ಗೆ ಏರಿಸಿದ್ದೆ. ಅಂದರೆ ಮೈಕಿನಿಂದ ಬರುವುದೆಲ್ಲ ಸುಮಾರು ಮೂವತ್ತು ಪಟ್ಟು. ಫ್ಯಾನಿನ ಸದ್ದೂ, ಸುಯ್ ಅನ್ನುವ ಗಾಳಿಯೂ ಅದರ ಜೊತೆ ಬಂದವು. 10ಕ್ಕೆ ಇಳಿಸಿ, ಮೈಕನ್ನು ಗದ್ದದ ಪಕ್ಕಕ್ಕೆ ತಂದೆ. ದೂರ ಅರ್ಧವಾದರೆ ದನಿ 6 ಡೆಸಿಬೆಲ್ ಏರುತ್ತದೆ, ಫ್ಯಾನಿನ ಸದ್ದು ಏರುವುದಿಲ್ಲ. ಬಾಯಿಗೆ ನೇರ ಎದುರು ಮಾತ್ರ ಬೇಡ. ಪ, ಬ ಅಂದಾಗ ಉಸಿರು ಬಡಿದು ಡಬ್ ಅನ್ನುತ್ತದೆ.

ಎರಡನೇ ಭಾನುವಾರ

ಇವತ್ತಿನದು ನನಗೆ ಹೊಸ ಪಾಠ. ತಂತಿ ಅಡ್ಡ ಬರುತ್ತದೆ ಅಂತ ಅಪ್ಪ ನನ್ನ ತಮ್ಮ ಕೊಟ್ಟಿದ್ದ ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡರು. ಮಕ್ಕಳಿಗೆ ದನಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ಅಪ್ಪ "ಸರ" ಅಂದರೆ ಒಬ್ಬಳು "ಶರ" ಅನ್ನುತ್ತಾಳೆ, ಇನ್ನೊಬ್ಬ "ಹರ" ಅನ್ನುತ್ತಾನೆ. ಅಪ್ಪ ಐದು ಸಲ ಬಿಡಿಸಿ ಹೇಳಿದರು. ಮಕ್ಕಳ ತಪ್ಪೇನೂ ಇರಲಿಲ್ಲ.

ಬ್ಲೂಟೂತಿನಲ್ಲಿ ಬರೀ ಹಾಡು ಕೇಳುವಾಗ ಒಂದು ದಾರಿ, ಮೈಕ್ ಶುರುವಾದ ಕೂಡಲೇ ಫೋನ್ ಮಾತಿನ ಬೇರೆ ದಾರಿ. ಆ ಎರಡನೇ ದಾರಿಯ ಹಳೆಯ ಪದ್ಧತಿಯಲ್ಲಿ ದನಿಯನ್ನು ಸೆಕೆಂಡಿಗೆ 8,000 ಸಲ ಮಾತ್ರ ಅಳೆಯುತ್ತಾರೆ. ಎಷ್ಟು ಸಲ ಅಳೆಯುತ್ತಾರೋ ಅದರ ಅರ್ಧದವರೆಗಿನ ಕಂಪನ ಮಾತ್ರ ಸಿಗುತ್ತದೆ, ಹಾಗಾಗಿ 4,000 ಹರ್ಟ್ಸ್ (ಸೆಕೆಂಡಿಗೆ 4,000 ಕಂಪನ) ಮೇಲಿನದ್ದು ಹೋಗುವುದೇ ಇಲ್ಲ. ಸಕಾರದ ಸಿಳ್ಳಿನಂಥ ಸದ್ದು ಹೆಚ್ಚಾಗಿ ಇರುವುದೇ ಅದರ ಮೇಲೆ. ಶಕಾರದ್ದು ಸ್ವಲ್ಪ ಕೆಳಗೆ, ಅದಕ್ಕೇ ಅದು ಉಳಿಯುತ್ತದೆ. ಆಫೀಸಿನ ಮೀಟಿಂಗಿಗೆ ಇದು ಸಾಕು. ಅಕ್ಷರ ಕಲಿಸುವವರಿಗೆ ಸಾಲದು, ಅಲ್ವಾ? ನಮ್ಮ ಕಡೆ ಮಾತಿನಲ್ಲಿ ಶಾಲೆಗೆ ಸಾಲಿ ಅಂತಲೇ ಅನ್ನುತ್ತೇವೆ. ಆದರೆ ಬರೆಯಲು ಕಲಿಯುವ ಮಗುವಿಗೆ ಎರಡೂ ಬೇರೆಬೇರೆ ಕೇಳಲೇಬೇಕು.

ಅಪ್ಪನಿಗೆ ವಿಷಯ ಹೇಳಿದೆ. "ಹಂಗಾದ್ರ ತಂತಿನ ಇರ್ಲಿ" ಅಂದರು. ಕೂಡಲೇ ಹೆಡ್‌ಸೆಟ್ ತೆಗೆದಿಟ್ಟರು.

ಬುಧವಾರ

ಉಳಿದದ್ದು ಕೋಣೆ. ಶಾಬಾದ ಕಲ್ಲಿನ ನೆಲ, ಬರೀ ಗೋಡೆ, ಮೇಲೆ ಸ್ಲ್ಯಾಬ್. ಮಾತು ಗೋಡೆಗೆ ಬಡಿದು ಬಂದು ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಗೋಲಗುಮ್ಮಟದ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಕಡೆ ಅವರದೇ ದನಿ ತಿರುಗಿ ಕೇಳುವುದು ಮಾತ್ರ ಬೇರೆ ತೊಂದರೆ. ಅದು ಇಲ್ಲಿಯ ಸ್ಪೀಕರಿನ ಸದ್ದು ಮೈಕಿಗೆ ಹೋಗುವುದರಿಂದ. ಇಯರ್‌ಫೋನ್ ಹಾಕಿದರೆ ಮುಗಿಯಿತು.

ಕೋಣೆಗೆ ಅವ್ವ ದಾರಿ ತೋರಿಸಿದಳು. ಹಳೆ ಸೀರೆಗಳಿಂದ ಹೊಲಿದ ಎರಡು ಕೌದಿ ಕೊಟ್ಟಳು. ಒಂದನ್ನು ಅಪ್ಪನ ಎದುರಿನ ಗೋಡೆಗೆ ತೂಗುಹಾಕಿದೆ, ಇನ್ನೊಂದನ್ನು ನೆಲಕ್ಕೆ ಹಾಸಿದೆ. ಮೊದಲಿನ ರೆಕಾರ್ಡಿಂಗ್ ಮತ್ತು ಇವತ್ತಿನದನ್ನು ಪಕ್ಕಪಕ್ಕ ಕೇಳಿದೆ. ಅಪ್ಪ ನನ್ನ ಪಕ್ಕದಲ್ಲೇ ಕೂತಿರುವಂತೆ ಕೇಳಿತು. ಆ್ಯಪಿನಲ್ಲಿ ಹಿನ್ನೆಲೆಯ ಸದ್ದು ತಗ್ಗಿಸುವ ಸೆಟ್ಟಿಂಗನ್ನೂ ಕಡಿಮೆಗೆ ಇಳಿಸಿದೆ. ಅದು ಜಾಸ್ತಿ ಇದ್ದಾಗ ಮಾತಿನ ಕೊನೆಯ ಅಕ್ಷರವನ್ನೇ ನುಂಗುತ್ತಿತ್ತು.

ಮೂರನೇ ಭಾನುವಾರ

ಸರ, ಶರ ಎರಡನ್ನೂ ಮಕ್ಕಳು ಸರಿಯಾಗಿ ತಿರುಗಿ ಹೇಳಿದರು. ಅಪ್ಪ ಒಂದು ಗಂಟೆಯ ಪಾಠವನ್ನು ಒಂದೂವರೆ ಗಂಟೆ ಮಾಡಿದರು.

ನಡುವೆ ಕರೆಂಟ್ ಹೋಗಿ ಇನ್ವರ್ಟರ್ ಶುರುವಾದಾಗ ಮೈಕಿನಲ್ಲಿ ಗುಂಯ್ ಅನ್ನುವ ಸದ್ದು ಬಂತು. ಮನೆಯ ಅರ್ಥಿಂಗ್ ಮೇಲೆ ನನಗೆ ಅನುಮಾನ ಇದೆ. ಈ ವಾರ ವಾಯರಿಂಗ್ ಮಾಡುವವರಿಗೆ ಬರಹೇಳಿದ್ದೇನೆ.